ಬೆಳ್ಳುಳ್ಳಿ ಕೆಸರಿಗೂ ಬೆಲೆ ಬಂತಾ?

ಕಾರ್ಖಾನೆಯ ಸುಣ್ಣದ ತ್ಯಾಜ್ಯದಿಂದ ಹೊಗೆಯೊಳಗಿನ ಇಂಗಾಲದ ಡೈಆಕ್ಸೈಡ್ ಹಿಡಿಯಬಹುದು ಎಂದು ಬರೆದಿದ್ದೀರಿ. ಓದಿ ಹಳೆಯದೆಲ್ಲ ನೆನಪಾಯಿತು. ನಾನು ಪುಣೆಯ ಭೋಸರಿಯಲ್ಲಿ ಒಂದು ಅಸಿಟಿಲೀನ್ (ವೆಲ್ಡಿಂಗ್‌ಗೆ ಬಳಸುವ) ಗ್ಯಾಸ್ ಘಟಕದಲ್ಲಿ ಕೆಲಸ ಮಾಡಿದವನು. ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ಬಿದ್ದರೆ ಗ್ಯಾಸ್ ಬರುತ್ತದೆ, ಉಳಿಯುವುದು ಬೂದು ಬಣ್ಣದ ಸುಣ್ಣದ ಕೆಸರು. ವಿಜಯಪುರದ ಕಡೆಯ ನಮ್ಮ ಹುಡುಗರು ಅದರ ವಾಸನೆಗೆ ಬೆಳ್ಳುಳ್ಳಿ ಕೆಸರು ಅಂತಲೇ ಹೆಸರಿಟ್ಟಿದ್ದರು! ಗುಂಡಿ ತುಂಬಿದರೆ ಎಲ್ಲಿಗೆ ಸಾಗಿಸುವುದು ಎಂಬುದೇ ತಲೆನೋವು. ದೀಪಾವಳಿ ಹೊತ್ತಿಗೆ ಗೋಡೆಗೆ ಬಳಿಯಲು ಒಂದಿಷ್ಟು ಜನ ಒಯ್ಯುತ್ತಿದ್ದರು, ಅಷ್ಟೇ.

ಇದರ ದೊಡ್ಡ ಲಾಭವನ್ನೇ ನೀವು ಹೇಳಿಲ್ಲ. ಹೊಗೆಯಿಂದ ಹಿಡಿಯಲು ಬೇಕಿರುವುದು ಸುಟ್ಟ ಸುಣ್ಣ; ಅದಕ್ಕಾಗಿ ಸುಣ್ಣದಕಲ್ಲು ಸುಟ್ಟರೆ ಅದರಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಈ ಕೆಸರು ಹೆಚ್ಚುಕಡಿಮೆ ಅರಳಿದ (ನೀರು ಸೇರಿದ) ಸುಣ್ಣ, ಸುಟ್ಟಾಗ ಹೋಗುವುದು ಬಹುಪಾಲು ನೀರಿನ ಆವಿ. (ಗಾಳಿಗೆ ವರ್ಷಗಟ್ಟಲೆ ಬಿದ್ದಿದ್ದರೆ ಮಾತ್ರ ಅದೂ ಸುಣ್ಣದಕಲ್ಲಿನಂತೆಯೇ ಆಗುತ್ತಾ ಹೋಗುತ್ತದೆ.)

ಆದರೆ ಎಷ್ಟು ಸಲ ಬೇಕಾದರೂ ಬಳಸಬಹುದು ಎಂದಿರುವುದು ಸ್ವಲ್ಪ ಜಾಸ್ತಿಯಾಯಿತು ಅಲ್ವಾ? ಲೆಕ್ಕದ ಪ್ರಕಾರ 56 ಗ್ರಾಂ ಸುಟ್ಟ ಸುಣ್ಣ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹಿಡಿಯಬೇಕು. 650 ಡಿಗ್ರಿ ಸುಮಾರಿಗೆ ಹಿಡಿಯುತ್ತದೆ, 900ರ ಹತ್ತಿರ ಬಿಡುತ್ತದೆ. ಆದರೆ ಈ ಹಿಡಿಯುವ-ಬಿಡುವ ಸುತ್ತು ಹೆಚ್ಚಾದಂತೆ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಸಣ್ಣ ರಂಧ್ರಗಳು ಮುಚ್ಚುತ್ತವೆ, ಹಿಡಿಯುವ ಶಕ್ತಿ ಇಳಿಯುತ್ತದೆ. ಹೊಗೆಯಲ್ಲಿ ಗಂಧಕವಿದ್ದರೆ ಇನ್ನೂ ಬೇಗ ಕೆಡುತ್ತದೆ. ಮೆಗ್ನೀಷಿಯಾ (ಮೆಗ್ನೀಸಿಯಂ ಆಕ್ಸೈಡ್) ಬೆರೆಸಿ ಬಾಳಿಕೆ ಹೆಚ್ಚಿಸಬಹುದು, ಖರ್ಚು ಬೇರೆ ಮಾತು. ಕೆಸರು ಪುಕ್ಕಟೆ ಸಿಗುತ್ತದೆ ಸರಿ, 900 ಡಿಗ್ರಿಗೆ ಕಾಯಿಸುವ ಇಂಧನ ಪುಕ್ಕಟೆಯಲ್ಲವಲ್ಲ. ಆ ಲೆಕ್ಕವನ್ನೂ ಒಮ್ಮೆ ಬರೆಯಿರಿ ಸರ್.