ಹತ್ತನೇ ಕ್ಲಾಸಿಗೆ ನಿಂತ ಈಜು

1993ರ ಬೇಸಿಗೆಯಲ್ಲಿ ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ನನ್ನ ಟೈಮಿಂಗ್ 1 ನಿಮಿಷ 26 ಸೆಕೆಂಡ್. ನೋಟ್‌ಬುಕ್ಕಿನಲ್ಲಿ ನಾನೇ ಕೆಂಪು ಪೆನ್ನಿನಲ್ಲಿ ಬರೆದದ್ದು. ಆ ನೋಟ್‌ಬುಕ್ಕನ್ನು ಅಮ್ಮ ಈಗಲೂ ಬೆಂಗಳೂರಿನ ಮನೆಯ ಬೀರುವಿನಲ್ಲಿ ಇಟ್ಟಿದ್ದಾಳೆ. ಮುಂದಿನ ಪುಟಗಳೆಲ್ಲ ಖಾಲಿ. ಜೂನ್‌ನಲ್ಲಿ ಹತ್ತನೇ ಕ್ಲಾಸು ಶುರುವಾಯಿತು. ಮ್ಯಾಥ್ಸ್ ಟ್ಯೂಷನ್ ಬೆಳಿಗ್ಗೆ ಆರಕ್ಕೆ, ಈಜೂ ಬೆಳಿಗ್ಗೆ ಆರಕ್ಕೆ. ಯಾವುದನ್ನು ಬಿಡಬೇಕು ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. “ಎಕ್ಸಾಮ್ ಮುಗಿದ್ಮೇಲೆ ಹೋದ್ರಾಯ್ತು ಬಿಡು” ಅಂದರು ಅಪ್ಪ. ಎಕ್ಸಾಮ್ 1994ರಲ್ಲಿ ಮುಗಿಯಿತು. ನಾನು ಮತ್ತೆ ಟೋಪಿ ಕನ್ನಡಕ ಹಾಕಿಕೊಂಡು ಲೇನಿಗೆ ಇಳಿದದ್ದು 2022ರ ಅಕ್ಟೋಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ, 44ನೇ ವಯಸ್ಸಿನಲ್ಲಿ.

ಮಗಳ ಈಜು ಕ್ಲಾಸು ಮುಗಿಯುವವರೆಗೆ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಕೊಳದ ಆಚೆ ಬದಿಯ ನಾಲ್ಕು ಲೇನುಗಳಲ್ಲಿ ನನ್ನ ವಯಸ್ಸಿನವರಿದ್ದರು, ನನಗಿಂತ ಇಪ್ಪತ್ತು ಮೂವತ್ತು ವರ್ಷ ದೊಡ್ಡವರೂ ಇದ್ದರು. ಕೋಚ್ ಒಬ್ಬರು ಬಿಳಿ ಹಲಗೆಯ ಮೇಲೆ ಬರೆದಿದ್ದರು: 10 × 100, 1:50. ನೂರು ಗಜದ ಹತ್ತು ಸುತ್ತು, ಪ್ರತಿ 1 ನಿಮಿಷ 50 ಸೆಕೆಂಡಿಗೊಮ್ಮೆ ಗೋಡೆ ಬಿಟ್ಟು ಹೊರಡಬೇಕು ಎಂದರ್ಥ. ಚಿಕ್ಕಂದಿನಲ್ಲಿ ಕಲಿತು ಮರೆತ ಲಿಪಿಯೊಂದು ತಟ್ಟನೆ ಓದಲು ಬಂದ ಹಾಗಾಯಿತು ನನಗೆ. ಬೊಜ್ಜು ಕರಗಿಸಲು ಬಂದು ನಾಲ್ಕು ಸಲ ಆಚೆ ಈಚೆ ಹೋಗುವವರ ಗುಂಪಲ್ಲ ಅದು. ಗಡಿಯಾರ ನೋಡಿಕೊಂಡು, ಏದುಸಿರು ಬಿಡುತ್ತ, ಹಿಂದಿನವರ ಕೈ ತಮ್ಮ ಕಾಲಿಗೆ ತಗುಲದಂತೆ ಹೊರಡುವ ತರಬೇತಿ. ಎರಡು ವಾರ ನೋಡಿದೆ. ಮೂರನೇ ವಾರ ಹೆಸರು ಬರೆಸಿದೆ.

ಮೊದಲ ದಿನ ಇಪ್ಪತ್ತೈದು ಗಜ ಅಚ್ಚರಿಯಾಗುವಷ್ಟು ಸಲೀಸಾಗಿ ಹೋಯಿತು. ಅಂಗೈ ಹೊರಕ್ಕೆ ಚಾಚಿ ನೀರನ್ನು ಹಿಡಿದು ಎದೆಯ ಕಡೆಗೆ ಎಳೆದುಕೊಳ್ಳುವುದು ಮರೆತಿರಲಿಲ್ಲ, ತಲೆಗಿಂತ ಮೊದಲು ತೋಳಿಗೇ ನೆನಪಾಯಿತು. ಐವತ್ತು ದಾಟುವಷ್ಟರಲ್ಲಿ ಉಸಿರು ಕೈಕೊಟ್ಟಿತು. ಆಮೇಲೆ ಆರು ವಾರಕ್ಕೆ ಬಲ ಮಂಡಿಯ ಒಳಬದಿ ನೋಯತೊಡಗಿತು. ಬ್ರೆಸ್ಟ್‌ಸ್ಟ್ರೋಕ್ ಈಜುವವರಿಗೆ ಇದು ಹಳೆಯ ಶತ್ರು. ಪಾದವನ್ನು ಹೊರಕ್ಕೆ ತಿರುಗಿಸಿ ಒದೆಯುವಾಗ ಮಂಡಿಯ ಒಳಬದಿಯಲ್ಲಿ ಮೂಳೆಗಳನ್ನು ಬಿಗಿದ ಕಟ್ಟಿನ (ಲಿಗಮೆಂಟ್) ಮೇಲೆ ಎಳೆತ ಬೀಳುತ್ತದೆ. ಹದಿನೈದರಲ್ಲಿ ಸೊಂಟದ ಕೀಲು ಸಡಿಲವಾಗಿದ್ದು ಆ ಎಳೆತವನ್ನು ತಾನೇ ಹಂಚಿಕೊಳ್ಳುತ್ತಿತ್ತು. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತು ಕೋಡ್ ಬರೆದ ಸೊಂಟ ಹಾಗೆ ತಿರುಗುವುದಿಲ್ಲ. ಮೂರು ತಿಂಗಳು ಕಿಕ್ ಕಡಿಮೆ ಮಾಡಿ, ನೆಲದ ಮೇಲೆ ಸೊಂಟದ ವ್ಯಾಯಾಮ ಮಾಡಿ, ಮಂಡಿಗಳನ್ನು ಮೊದಲಿನಷ್ಟು ಅಗಲಿಸದೆ ಒದೆಯುವುದನ್ನು ಹೊಸದಾಗಿ ಕಲಿತೆ. ಬಹಳ ವರ್ಷ ಬಿಟ್ಟು ನೀರಿಗೆ ಮರಳುವವರಿಗೆ ನಾನು ಹೇಳುವ ಒಂದೇ ಬುದ್ಧಿಮಾತು ಇದು: ಕೈಗೆ ನೆನಪಿರುತ್ತದೆ, ಕೀಲಿಗೆ ಇರುವುದಿಲ್ಲ. ಕೀಲಿಗೆ ಸಮಯ ಕೊಡಿ.

2023ರ ಮಾರ್ಚ್‌ನಲ್ಲಿ ಮೊದಲ ಮೀಟ್. ನೂರು ಗಜ ಬ್ರೆಸ್ಟ್‌ಸ್ಟ್ರೋಕ್. ಫಾರ್ಮಿನಲ್ಲಿ ಹಿಂದಿನ ಟೈಮಿಂಗ್ ಕೇಳಿದ್ದರು. ಇಲ್ಲ ಎಂದು ಬರೆದೆ, ಅದಕ್ಕೂ ಅವಕಾಶವಿದೆ. ನಾನು ಈಜು ಬಿಟ್ಟ ಮೇಲೆ ನಿಯಮಗಳೇ ಬದಲಾಗಿದ್ದವು. ಡೈವ್ ಹೊಡೆದ ಮೇಲೆ ನೀರೊಳಗಿನ ಎಳೆತದಲ್ಲಿ ಒಂದು ಡಾಲ್ಫಿನ್ ಕಿಕ್, ಅಂದರೆ ಎರಡೂ ಕಾಲು ಜೋಡಿಸಿ ಅಲೆಯಂತೆ ಒದೆಯುವ ಕಿಕ್, ಹೊಡೆಯಬಹುದು. ನಮ್ಮ ಕಾಲದಲ್ಲಿ ಹಾಗೆ ಮಾಡಿದರೆ ಡಿಸ್ಕ್ವಾಲಿಫೈ. 2005ರಲ್ಲಿ ಅದನ್ನು ಒಪ್ಪಿಕೊಂಡರಂತೆ. ನಮ್ಮ ಕಾಲದಲ್ಲಿ ಫಾಲ್ಸ್ ಸ್ಟಾರ್ಟ್ (ಸಂಕೇತಕ್ಕೆ ಮೊದಲೇ ಹಾರುವುದು) ಒಂದಾದರೂ ಕ್ಷಮಿಸುತ್ತಿದ್ದರು, ಈಗ ಇಲ್ಲ. ಹಾರುವ ಕಟ್ಟೆಯ (ಬ್ಲಾಕ್) ಮೇಲೆ ಹತ್ತಲಾರದವರು ಅಂಚಿನಿಂದ ಹಾರಬಹುದು, ನೀರಿನೊಳಗೇ ಗೋಡೆ ಹಿಡಿದು ನಿಂತು ಹೊರಡಬಹುದು. ಯಾರೂ ಅವರನ್ನು ಕಡಿಮೆ ಎಂದು ನೋಡುವುದಿಲ್ಲ. ಬಟರ್‌ಫ್ಲೈನಲ್ಲಿ ಮಾಸ್ಟರ್ಸ್, ಅಂದರೆ ನಮ್ಮಂಥ ವಯಸ್ಕರ ವಿಭಾಗದ, ಈಜುಗಾರರು ಬ್ರೆಸ್ಟ್‌ಸ್ಟ್ರೋಕಿನ ಕಿಕ್ ಬಳಸಿದರೂ ತಪ್ಪಿಲ್ಲ.

ಹೀಟ್‌ಗಳನ್ನು, ಅಂದರೆ ಒಟ್ಟಿಗೆ ಈಜುವ ಗುಂಪುಗಳನ್ನು, ವಯಸ್ಸಿನ ಪ್ರಕಾರ ಮಾಡುವುದಿಲ್ಲ, ಟೈಮಿಂಗ್ ಪ್ರಕಾರ ಮಾಡುತ್ತಾರೆ. ನನ್ನ ಎಡಗಡೆ ಇಪ್ಪತ್ತರ ಹುಡುಗಿ, ಬಲಗಡೆ ಎಪ್ಪತ್ತು ದಾಟಿದ ತಾತ. ತಾತ ನನಗಿಂತ ಎರಡು ಸೆಕೆಂಡ್ ಮುಂದೆ ಗೋಡೆ ಮುಟ್ಟಿದರು. ನನ್ನದು 1 ನಿಮಿಷ 33. ನೂರು ಗಜ ಎಂದರೆ 91 ಮೀಟರ್ ಚಿಲ್ಲರೆ. ಅಂದರೆ ಹದಿನೈದರಲ್ಲಿ ಇದಕ್ಕಿಂತ ಹೆಚ್ಚು ದೂರವನ್ನು ಇದಕ್ಕಿಂತ ಬೇಗ ಈಜಿದ್ದೆ. ಅದನ್ನು ನೆನೆದು ಅಳು ಬಂದೀತು ಅಂದುಕೊಂಡಿದ್ದೆ, ಬರಲಿಲ್ಲ. ಗೋಡೆ ಮುಟ್ಟಿ ತಿರುಗಿ ಬೋರ್ಡಿನ ಮೇಲೆ ನನ್ನ ಲೇನಿನ ಅಂಕಿ ಹುಡುಕುವ ಆ ಒಂದು ಕ್ಷಣ ನನಗೆ ಮತ್ತೆ ಸಿಕ್ಕಿತ್ತು, ಅಷ್ಟು ಸಾಕಾಗಿತ್ತು.

ದೊಡ್ಡವರ ಸ್ಪರ್ಧೆಯ ಈ ಪದ್ಧತಿ ತಾನಾಗಿ ಹುಟ್ಟಿದ್ದಲ್ಲ. ವಯಸ್ಸಾದವರಿಗೂ ಸ್ಪರ್ಧೆಯ ಗುರಿ ಇದ್ದರೆ ಆರೋಗ್ಯ ಕಾಪಾಡಿಕೊಳ್ಳುತ್ತಾರೆ ಎಂದು ನಂಬಿದ ರ‍್ಯಾನ್ಸಮ್ ಆರ್ಥರ್ ಎಂಬ ಅಮೆರಿಕದ ನೌಕಾಪಡೆಯ ವೈದ್ಯರು ಹಟ ಹಿಡಿದರು. 1970ರಲ್ಲಿ ಟೆಕ್ಸಾಸ್‌ನ ಅಮರಿಲ್ಲೊದಲ್ಲಿ ಮೊದಲ ರಾಷ್ಟ್ರೀಯ ಮಾಸ್ಟರ್ಸ್ ಕೂಟ ನಡೆಯಿತು. 1986ರಲ್ಲಿ ಟೋಕಿಯೊದಲ್ಲಿ ವಿಶ್ವ ಕೂಟ. ಸ್ಥಾನ ಲೆಕ್ಕ ಹಾಕುವಾಗ ಐದೈದು ವರ್ಷಕ್ಕೆ ಒಂದು ಗುಂಪು: 40ರಿಂದ 44, 45ರಿಂದ 49, ಹೀಗೆ ನೂರರಾಚೆಗೂ. 2015ರಲ್ಲಿ ಜಪಾನಿನ ಮಿಯೆಕೊ ನಗಾವೊಕಾ ನೂರು ವರ್ಷದವರಾಗಿ 1500 ಮೀಟರನ್ನು ಒಂದೂಕಾಲು ಗಂಟೆಯಲ್ಲಿ ಈಜಿ ಮುಗಿಸಿದರು. ಆಕೆ ಈಜಲು ಶುರುಮಾಡಿದ್ದೇ ಎಂಬತ್ತು ದಾಟಿದ ಮೇಲೆ.

ಈ ಲೆಕ್ಕ ವಯಸ್ಸಿನ ಬಗ್ಗೆ ಮಾತಾಡುವ ರೀತಿಯನ್ನೇ ಬದಲಾಯಿಸಿಬಿಡುತ್ತದೆ. ನಮ್ಮ ಲೇನಿನಲ್ಲಿ ಒಬ್ಬಾಕೆಗೆ ಐವತ್ತು ತುಂಬುವುದಿತ್ತು. ಆರು ತಿಂಗಳಿಂದ ದಿನ ಎಣಿಸುತ್ತಿದ್ದಳು, ಐವತ್ತರ ಗುಂಪಿನಲ್ಲಿ ಅವಳೇ ಚಿಕ್ಕವಳಾಗುತ್ತಾಳಲ್ಲ! ರಿಲೇಯಲ್ಲಂತೂ ಇನ್ನೂ ಸೊಗಸು. ಮೀಟರ್ ಕೊಳದ ಸ್ಪರ್ಧೆಗಳಲ್ಲಿ ನಾಲ್ವರ ವಯಸ್ಸನ್ನು ಕೂಡಿಸುತ್ತಾರೆ, 160ರಿಂದ 199 ಒಂದು ಗುಂಪು, 200ರಿಂದ 239 ಇನ್ನೊಂದು. ಕಳೆದ ವರ್ಷ ನಮ್ಮ ಮೂವರದ್ದು ಸೇರಿ 129 ಆಗಿತ್ತು. ತಂಡದ ನಾಯಕಿ ಡೆಕ್ ಮೇಲೆ ನಿಂತು “ಎಪ್ಪತ್ತೊಂದರವರು ಯಾರಾದರೂ ಇದ್ದೀರಾ?” ಎಂದು ಕೂಗಿದಳು. ಎಪ್ಪತ್ತೊಂದು ವರ್ಷದ ಒಬ್ಬರು ಕೈಯೆತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮೂರಲ್ಲಿ ಎಪ್ಪತ್ತೊಂದು ವರ್ಷದ ಹೆಂಗಸನ್ನು “ನೀವು ಬಂದರೇ ನಮ್ಮ ತಂಡ” ಎಂದು ಯಾರಾದರೂ ಹೀಗೆ ಹುಡುಕಿಕೊಂಡು ಬಂದದ್ದನ್ನು ನಾನು ಕಂಡಿಲ್ಲ.

ಹಾಗೆಂದು ಇಲ್ಲಿನದೆಲ್ಲ ಮೇಲು ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಕೋಚ್ ದೊಡ್ಡವರ ತಪ್ಪನ್ನು ತಿದ್ದಲು ಹಿಂಜರಿಯುತ್ತಾರೆ. ಏನು ಮಾಡಿದರೂ “ಗುಡ್ ಜಾಬ್”. ಬೆಂಗಳೂರಿನಲ್ಲಿ ನಮ್ಮ ಸರ್ ಹಾಗಿರಲಿಲ್ಲ. ಕೊಳದ ಅಂಚಿನಲ್ಲಿ ನನ್ನ ಜೊತೆಜೊತೆಗೇ ನಡೆದು ಬರುತ್ತ “ಮೊಣಕೈ! ಮೊಣಕೈ!” ಎಂದು ಕೂಗುತ್ತಿದ್ದರು, ಸರಿ ಬರುವವರೆಗೆ ಬಿಡುತ್ತಿರಲಿಲ್ಲ. ಜ್ವರ ಬಂದರೆ ಮನೆಗೆ ಬಂದು ನೋಡುತ್ತಿದ್ದರು. ಇಂದು 47ರಲ್ಲಿ ನನ್ನ ಎಳೆತ ಚೊಕ್ಕವಾಗಿದೆ ಎಂದು ಇಲ್ಲಿನವರು ಹೊಗಳುವಾಗ ಅದು ನಮ್ಮ ಸರ್ ಕೈಗುಣ. ಕೊನೆಗೆ ಇಲ್ಲಿನ ಕೋಚ್‌ಗೆ ನಾನೇ ಹೇಳಿದೆ, ನನಗೆ ಬಿಡಿಸಿ ಹೇಳಿ, ಬೇಜಾರಿಲ್ಲ ಎಂದು. ಆಮೇಲೆ ನಾಲ್ಕು ಸೆಕೆಂಡ್ ಇಳಿಯಿತು.

ಅಲ್ಲಿನ ಗ್ಯಾಲರಿಯೂ ನೆನಪಾಗುತ್ತದೆ. ಸ್ಟೇಟ್ ಮೀಟ್ ಎಂದರೆ ಅರ್ಧ ಬಡಾವಣೆಯೇ ಬಂದು ಕೂರುತ್ತಿತ್ತು. ಫ್ಲಾಸ್ಕಿನಲ್ಲಿ ಬಿಸಿ ಹಾಲು, ಡಬ್ಬಿಯಲ್ಲಿ ಗೊಜ್ಜವಲಕ್ಕಿ. ಆದರೆ ಅದೇ ಗ್ಯಾಲರಿಯಲ್ಲಿ ನಮ್ಮ ಅತ್ತೆಯೊಬ್ಬರು ಅಮ್ಮನಿಗೆ ಹೇಳಿದ್ದೂ ನನ್ನ ಕಿವಿಗೆ ಬಿದ್ದಿತ್ತು: “ಎಷ್ಟು ಕಪ್ಪಾಗಿದ್ದಾಳಲ್ಲೇ, ಸಾಕು ಮಾಡಿಸು ಇನ್ನು.” ನಮ್ಮ ಬ್ಯಾಚಿನಲ್ಲಿ ಹನ್ನೊಂದು ಹುಡುಗಿಯರಿದ್ದೆವು. ಪಿಯುಸಿ ಮುಗಿಯುವ ಹೊತ್ತಿಗೆ ನೀರಿನಲ್ಲಿ ಉಳಿದವಳು ಒಬ್ಬಳು. ಬೋರ್ಡ್ ಎಕ್ಸಾಮ್, ಮೈಬಣ್ಣ, ಈಜುಡುಗೆ, ಮುಟ್ಟಿನ ದಿನಗಳು: ಕಾರಣ ಬೇರೆ ಬೇರೆ, ಬಿಟ್ಟ ವಯಸ್ಸು ಒಂದೇ.

ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಒಂದು ಕೊಳಕ್ಕೆ ಹೋಗಿ ಬೆಳಿಗ್ಗೆ ತರಬೇತಿಯ ಲೇನಿನಲ್ಲಿ ಒಂದು ಗಂಟೆ ಈಜಬಹುದೇ ಎಂದು ಕೇಳಿದೆ. “ಲೇನ್ ಎಲ್ಲ ಮಕ್ಕಳಿಗೆ ಮೇಡಂ, ನೀವು ಲೇಡೀಸ್ ಬ್ಯಾಚಿಗೆ ಬನ್ನಿ” ಅಂದರು. ಹೋದೆ. ಹಗ್ಗ ತೆಗೆದುಬಿಟ್ಟಿದ್ದರು. ನಲವತ್ತು ಹೆಂಗಸರು ನಲವತ್ತು ದಿಕ್ಕಿಗೆ, ನಲವತ್ತೈದು ನಿಮಿಷಕ್ಕೆ ಸೀಟಿ. ಆ ಬ್ಯಾಚು ಬೇಡ ಎನ್ನುವುದಿಲ್ಲ ನಾನು. ಅಲ್ಲಿ ಅರವತ್ತರ ಒಬ್ಬರು ಮೊದಲ ಸಲ ತೇಲಿದ್ದನ್ನು ಕಣ್ಣಾರೆ ಕಂಡೆ, ಅವರ ಮುಖದ ಬೆಳಕನ್ನು ಮರೆಯಲಾರೆ. ಆದರೆ ದೊಡ್ಡವರೆಂದರೆ ತೇಲಲು ಕಲಿಯುವವರು, ತರಬೇತಿ ಎಂದರೆ ಮಕ್ಕಳಿಗೆ ಎಂಬ ಗೆರೆ ಯಾಕೆ?

ಕೊಳವಿಲ್ಲ, ಕೋಚ್ ಇಲ್ಲ ಎನ್ನುವ ಊರಲ್ಲ ಬೆಂಗಳೂರು. 2000ದಲ್ಲಿ ಸಿಡ್ನಿ ಒಲಿಂಪಿಕ್ಸಿಗೆ ಹೋದ ನಿಶಾ ಮಿಲೆಟ್, 2004ರಲ್ಲಿ ಅಥೆನ್ಸ್‌ಗೆ ಹೋದ ಶಿಖಾ ಟಂಡನ್, ಟೋಕಿಯೊ ಪ್ಯಾರಿಸ್ ಎರಡೂ ಕಂಡ ಶ್ರೀಹರಿ ನಟರಾಜ್, ಹದಿನಾಲ್ಕಕ್ಕೇ ಪ್ಯಾರಿಸ್‌ನಲ್ಲಿ ಈಜಿದ ಧೀನಿಧಿ ಎಲ್ಲರೂ ಈ ಊರಿನ ನೀರಿನಿಂದಲೇ ಹೋದವರು. ಮಾಸ್ಟರ್ಸ್ ಸ್ಪರ್ಧೆಯೂ ಇಲ್ಲದಿಲ್ಲ. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಈಜು ನಡೆದದ್ದು ಮಂಗಳೂರಿನ ಎಮ್ಮೆಕೆರೆಯ ಹೊಸ ಕೊಳದಲ್ಲಿ. ಕೆಲವು ಕೊಳಗಳಲ್ಲಿ ದೊಡ್ಡವರಿಗೆ ತರಬೇತಿ ಸಿಗುತ್ತದೆ, ಹತ್ತಿರ ಮನೆಯಿದ್ದವರ ಅದೃಷ್ಟ. ನಾನು ಕೇಳುವುದು ಸಣ್ಣದು. ಪ್ರತಿ ಸಾರ್ವಜನಿಕ ಕೊಳದಲ್ಲಿ ವಾರಕ್ಕೆ ಮೂರು ದಿನ, ಒಂದು ಗಂಟೆ, ಎರಡು ಲೇನು, ಹಗ್ಗ ಕಟ್ಟಿ, ಗಡಿಯಾರ ಇಟ್ಟು, ಬೈಯಲು ಒಬ್ಬ ಸರ್ ಅಥವಾ ಮೇಡಂ. ಅಷ್ಟಿದ್ದರೆ ಸ್ಪರ್ಧೆಯ ವಾರ ಮಾತ್ರ ನೀರು ಕಾಣುವವರು ವರ್ಷವಿಡೀ ಈಜಿಯಾರು.

ನೀರು ಯಾರಿಗೆ ಎಂಬ ಪ್ರಶ್ನೆ ಇಲ್ಲೂ ಸುಲಭಕ್ಕೆ ಬಗೆಹರಿದದ್ದಲ್ಲ. ನನ್ನ ಲೇನಿನ ಕಪ್ಪು ಗೆಳತಿಯೊಬ್ಬಳು ಈಜು ಕಲಿತದ್ದು ಐವತ್ತೆರಡಕ್ಕೆ. ಅವಳ ತಾಯಿ ಬೆಳೆದ ಊರಿನ ಕೊಳ ಬಿಳಿಯರಿಗೆ ಮಾತ್ರ. ನೀರಿನ ಹತ್ತಿರ ಹೋಗದಿರುವುದನ್ನೇ ತಾಯಿ ಮಗಳಿಗೆ ಕಲಿಸಿದಳು. 1964ರಲ್ಲಿ ಫ್ಲಾರಿಡಾದ ಸೇಂಟ್ ಅಗಸ್ಟೀನ್‌ನಲ್ಲಿ ಕಪ್ಪು ಜನ ಈಜುಕೊಳಕ್ಕೆ ಇಳಿದರೆಂದು ಮೋಟೆಲಿನ ಮ್ಯಾನೇಜರ್ ಅದಕ್ಕೆ ಆಸಿಡ್ ಸುರಿದದ್ದನ್ನು ಅವಳೇ ನನಗೆ ಹೇಳಿದ್ದು. ನಾನು ಅವಳಿಗೆ ದಲಿತರು ಮುಟ್ಟುವಂತಿಲ್ಲದಿದ್ದ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಯ 1927ರ ಕಥೆ ಹೇಳಿದೆ, ಅಂಬೇಡ್ಕರ್ ಬೊಗಸೆ ನೀರು ಕುಡಿದದ್ದಕ್ಕೆ ಏನೆಲ್ಲ ಆಯಿತೆಂದು. ಅಪ್ಪ ಅರಸೀಕೆರೆ ಕಡೆಯ ಹಳ್ಳಿಯ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು. ಆ ಬಾವಿಗೆ ಊರಿನ ಎಲ್ಲ ಮಕ್ಕಳೂ ಇಳಿಯುವಂತಿರಲಿಲ್ಲ ಎಂದು ಅವರು ನನಗೆ ಹೇಳಿದ್ದು ತೀರ ಈಚೆಗೆ, ಫೋನಿನಲ್ಲಿ, ನಾನೇ ಕೇಳಿದ ಮೇಲೆ. ಹಾಗಾಗಿ ಸಾರ್ವಜನಿಕ ಕೊಳ ಎಂದು ನಾನು ಬರೆಯುವಾಗ ಆ ‘ಸಾರ್ವಜನಿಕ’ ಎಂಬುದನ್ನು ಒತ್ತಿ ಹೇಳುತ್ತೇನೆ. ದುಬಾರಿ ಕ್ಲಬ್ಬು, ಅಪಾರ್ಟ್‌ಮೆಂಟಿನ ಪುಟ್ಟ ಕೊಳ ಎಷ್ಟೇ ಹೆಚ್ಚಿದರೂ ಪಾಲಿಕೆಯ ಕೊಳಕ್ಕೆ ಅವು ಬದಲಿಯಲ್ಲ.

ಹಳೆಯ ಬ್ಯಾಚಿನ ಹನ್ನೊಂದು ಜನರಲ್ಲಿ ಎಂಟು ಮಂದಿ ಈಗ ವಾಟ್ಸಾಪ್‌ನಲ್ಲಿ ಸಿಕ್ಕಿದ್ದಾರೆ. ನನ್ನ 1 ನಿಮಿಷ 33ರ ಫೋಟೋ ಹಾಕಿದ ರಾತ್ರಿ ಮೈಸೂರಿನವಳು ಬರೆದಳು: “ನನ್ನ ಬ್ಯಾಕ್‌ಸ್ಟ್ರೋಕ್ ನಿನ್ನದಕ್ಕಿಂತ ಬೇಗ ಬರತ್ತೆ, ನೋಡ್ತಿರು.” ಅವಳು ಶುರುಮಾಡಿ ಒಂದು ವರ್ಷವಾಯಿತು. ಹುಬ್ಬಳ್ಳಿಯವಳು ಈ ಬೇಸಿಗೆಯಲ್ಲಿ ಶುರುಮಾಡಿದ್ದಾಳೆ, ಬೆಂಗಳೂರಿನವಳು ಒಪ್ಪಿದ್ದಾಳೆ. ಒಬ್ಬೊಬ್ಬರು ಒಂದೊಂದು ಬಗೆಯ ಈಜು ಈಜುವ ಮೆಡ್ಲಿ ರಿಲೇಗೆ ನಾಲ್ವರು ಸಾಕು. ನಮ್ಮ ವಯಸ್ಸು 47, 47, 46, 44, ಕೂಡಿಸಿದರೆ 184. ಇನ್ನು ನಾಲ್ಕು ವರ್ಷಕ್ಕೆ ಸರಿಯಾಗಿ 200 ಆಗುತ್ತದೆ, ಆ ಗುಂಪಿನಲ್ಲಿ ನಾವೇ ಎಲ್ಲರಿಗಿಂತ ಚಿಕ್ಕವರು. ಬ್ರೆಸ್ಟ್‌ಸ್ಟ್ರೋಕ್ ನನ್ನದು. ಬಟರ್‌ಫ್ಲೈ ಯಾರದೆಂದು ಮಾತು ಇನ್ನೂ ನಡೆಯುತ್ತಿದೆ.