ಸತ್ಯಾಂಶ: ರಕ್ತದ ಪಿಸಿಆರ್ ನೆಗೆಟಿವ್ ಬಂದರೆ ಕಣ್ಣಲ್ಲಿ ಸೋಂಕಿಲ್ಲವೇ?

"ಕಣ್ಣೊಳಗೆ ಉರಿಯೂತವಿದ್ದರೆ ರಕ್ತದ ಪಿಸಿಆರ್ ಮಾಡಿಸಿ, ನೆಗೆಟಿವ್ ಬಂದರೆ ಸ್ಟೀರಾಯ್ಡ್ ಹನಿ ಸಾಕು" ಎಂಬ ಫಾರ್ವರ್ಡ್ ಸಂದೇಶ ತಪ್ಪು, ಅಪಾಯಕಾರಿ ಕೂಡ. ಪಿಸಿಆರ್ ಎಂದರೆ ಮಾದರಿಯಲ್ಲಿ ರೋಗಾಣುವಿನ ಡಿಎನ್‌ಎ ಇದೆಯೇ ಎಂದು ಹುಡುಕುವ ಪರೀಕ್ಷೆ.

ಹರ್ಪಿಸ್ ಗುಂಪಿನ ವೈರಸ್ ಕಣ್ಣೊಳಗೆ ಬೆಳೆಯುತ್ತಿದ್ದರೂ ರಕ್ತದಲ್ಲಿ ಅದರ ಡಿಎನ್‌ಎ ಸಿಗದಿರಬಹುದು. ಅದಕ್ಕೇ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಅಂಚಿನಲ್ಲಿ 30 ಗೇಜ್‌ನ ಸಪೂರ ಸೂಜಿ ತೂರಿಸಿ, ಕಣ್ಣಿನ ಮುಂಭಾಗದ ದ್ರವವನ್ನು ಸುಮಾರು 0.1 ಮಿ.ಲೀ. ತೆಗೆಯುತ್ತಾರೆ. ಅಷ್ಟು ದ್ರವದಲ್ಲೇ ಎಲ್ಲ ಪರೀಕ್ಷೆಯೂ ಮುಗಿಯಬೇಕು. ಹಾಗಾಗಿ ಯಾವ ರೋಗಾಣುವನ್ನು ಹುಡುಕಬೇಕೆಂದು ವೈದ್ಯರು ಮೊದಲೇ ತೀರ್ಮಾನಿಸಿರಬೇಕು. ಕೇಳದೇ ಇದ್ದದ್ದನ್ನು ಪಿಸಿಆರ್ ಹುಡುಕುವುದಿಲ್ಲ. ಕಣ್ಣು ಶುಚಿಗೊಳಿಸಲು ಹಾಕಿದ ಪೊವಿಡೋನ್ ಅಯೋಡಿನ್ ಮಾದರಿಗೆ ಬೆರೆತರೂ ಪಿಸಿಆರ್‌ನ ರಾಸಾಯನಿಕ ಪ್ರತಿಕ್ರಿಯೆ ಕೆಟ್ಟು ಸುಳ್ಳು ನೆಗೆಟಿವ್ ಬರಬಹುದು.

ವೈರಸ್‌ನಿಂದ ರೆಟಿನಾ (ಕಣ್ಣಿನ ಹಿಂಭಾಗದ, ಬೆಳಕು ಗ್ರಹಿಸುವ ಪದರ) ಸಾಯುತ್ತಿರುವ ಲಕ್ಷಣ ಕಂಡರೆ ವರದಿಗೆ ಕಾಯದೆ ಆಂಟಿವೈರಲ್ ಔಷಧ ಶುರುವಾಗಬೇಕು. ಅಂಥ ಕಣ್ಣಿಗೆ ಬರೀ ಸ್ಟೀರಾಯ್ಡ್ ಹಾಕಿದರೆ ಸೋಂಕು ಇನ್ನಷ್ಟು ಹರಡಿ ದೃಷ್ಟಿಯೇ ಹೋಗಬಹುದು.