ಬಡವರಾಗಲೂ ಪಾಸ್ ಮಾರ್ಕ್ ಬೇಕು

ಬಡತನವೂ ಈಗ ಪರೀಕ್ಷೆ. ಪಾಸಾಗಲು 33.33 ಅಂಕ ಬೇಕು. ಅಷ್ಟು ಬಂದರೆ ನೀವು ಅಧಿಕೃತವಾಗಿ ಬಡವರು. ಒಂದಂಕ ಕಡಿಮೆ ಬಿತ್ತೋ, ಫೇಲ್. ಮನೆಮಂದಿಯೆಲ್ಲ ಬಡತನದಿಂದ ಹೊರಗೆ. ಗ್ರೇಸ್ ಮಾರ್ಕ್ಸ್ ಇಲ್ಲ, ಮರುಎಣಿಕೆಗೆ ಅರ್ಜಿಯೂ ಇಲ್ಲ.

ಪ್ರಶ್ನೆಪತ್ರಿಕೆ ದಿಲ್ಲಿಯ ನೀತಿ ಆಯೋಗದ್ದು, ಹೆಸರು ಬಹುಆಯಾಮ ಬಡತನ ಸೂಚ್ಯಂಕ. ಉತ್ತರಗಳು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬರೆದುಕೊಂಡವು. 12 ಪ್ರಶ್ನೆ, ಆರೋಗ್ಯ, ಶಿಕ್ಷಣ, ಜೀವನಮಟ್ಟ ಅಂತ ಮೂರು ಸಮಪಾಲು. ಜೀವನಮಟ್ಟದ ಪಾಲಿನಲ್ಲಿ ಏಳು ಕಾಲಂ: ಒಲೆಗೆ ಏನು ಉರಿಸುತ್ತೀರಿ, ಶೌಚಾಲಯ, ಕುಡಿಯುವ ನೀರು, ಕರೆಂಟು, ಮನೆ, ಸಾಮಾನು, ಬ್ಯಾಂಕ್ ಖಾತೆ. ಒಂದೊಂದು 'ಇಲ್ಲ'ಕ್ಕೆ 4.76 ಅಂಕ. ಹೀಗೆ ಕೂಡಿ ಕಳೆದು 2015-16ರಿಂದ 2019-21ರೊಳಗೆ 13.5 ಕೋಟಿ ಜನ ಬಡತನದಿಂದ ಪಾರಾದರು ಎಂದು 2023ರ ಜುಲೈನಲ್ಲಿ ಫಲಿತಾಂಶ ಬಂತು.

ಲೆಕ್ಕ ಪೂರಾ ಸುಳ್ಳು ಅಂತಲ್ಲ. ಊರಿಗೆ ಕರೆಂಟು ಬಂದದ್ದು, ಹಿತ್ತಲಲ್ಲಿ ಪಾಯಖಾನೆ ಎದ್ದದ್ದು ಕಣ್ಣಿಗೆ ಕಾಣುತ್ತದೆ. ಮಜಾ ಇರುವುದು ಕೂಡುವ ರೀತಿಯಲ್ಲಿ. ಮೊಳಕಾಲ್ಮೂರು ಕಡೆಯ ಒಂದು ಗುಡಿಸಲು ಊಹಿಸಿಕೊಳ್ಳಿ. ಸೌದೆ ಒಲೆ, ಬಯಲು ಶೌಚ, ಹದಿನೆಂಟು ನಿಮಿಷ ಹೋಗಿ ಹದಿನೆಂಟು ನಿಮಿಷ ಬರುವಷ್ಟು ದೂರದಲ್ಲಿ ನೀರು, ದೀಪಕ್ಕೆ ಸೀಮೆಎಣ್ಣೆ, ಮಣ್ಣಿನ ನೆಲ, ಸಾಮಾನು ಅಂದರೆ ನಾಲ್ಕು ಪಾತ್ರೆ. ಆರು ಕಾಲಂ 'ಇಲ್ಲ', ಆರನ್ನು 4.76ರಿಂದ ಗುಣಿಸಿ: 28.56. ಟ್ರಂಕಿನ ತಳದಲ್ಲಿ ಒಂದು ಪಾಸ್‌ಬುಕ್ ಇದೆ. ಆರೋಗ್ಯ, ಶಿಕ್ಷಣದ ಕಾಲಮ್ಮಿನಲ್ಲಿ 'ಇಲ್ಲ' ಬೀಳದಿದ್ದರೆ ಅಷ್ಟೇ ಸಾಕು, ಈ ಮನೆ ಬಡವರದ್ದಲ್ಲ! ಪಾಸ್‌ಬುಕ್ಕಿನಲ್ಲಿ ಎಷ್ಟಿದೆ ಎಂಬ ಪ್ರಶ್ನೆ ಪತ್ರಿಕೆಯಲ್ಲಿಲ್ಲ. ಜನಧನದ ಖಾತೆಗೆ ಸೊನ್ನೆ ಬಾಕಿಯೂ ನಡೆಯುತ್ತದೆ. ಸೊನ್ನೆ ರೂಪಾಯಿಯಿಂದ ಬಡತನ ನೀಗಿಸಿದ ಕೀರ್ತಿ ಬೇರೆ ಯಾವ ದೇಶಕ್ಕಿದೆಯೋ ತಿಳಿಯದು.

ಶಿಕ್ಷಣದ ಕಾಲಂ ಇನ್ನೂ ಉದಾರಿ. ಹತ್ತು ವರ್ಷ ದಾಟಿದ ಒಬ್ಬರು ಆರು ವರ್ಷ ಶಾಲೆ ಮುಗಿಸಿದ್ದರೆ ಮನೆಗೆಲ್ಲ ವಿದ್ಯೆ ಬಂತು. ಆರನೇ ಕ್ಲಾಸಿನ ಮೊಮ್ಮಗ ಏಳಕ್ಕೆ ಕಾಲಿಟ್ಟ ದಿನ ಹೆಬ್ಬೆಟ್ಟಿನ ಅಜ್ಜನೂ ಅಕ್ಷರಸ್ಥ.

ನೀರಿನ ಕಾಲಂ ಮಾತ್ರ ನಗುವ ವಿಷಯವಲ್ಲ. ಬೋರ್‌ವೆಲ್ ಅಂದರೆ ಸುಧಾರಿತ ಮೂಲ, ಟಿಕ್. ಅದರ ನೀರಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ. ಚಿತ್ರದುರ್ಗ, ಜಗಳೂರು ಸೀಮೆಯ ಆಳದ ಬೋರುಗಳಲ್ಲಿ ಫ್ಲೋರೈಡ್ ಹಳೇ ರಗಳೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತವೆ, ದೊಡ್ಡವರ ಕೀಲು ಬಿಗಿಯುತ್ತವೆ. ಕುದಿಸಿದರೆ ಹೋಗದು, ನೀರು ಇಂಗಿ ಫ್ಲೋರೈಡ್ ಇನ್ನಷ್ಟು ದಟ್ಟವಾಗುತ್ತದೆ. ಪರಿಹಾರಕ್ಕೆ ಶುದ್ಧ ನೀರಿನ ಘಟಕ ಕೂರಿಸಿದ್ದಾರೆ, ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಗಡಸು ನೀರು ಘಟಕದ ಸೋಸುವ ಪೊರೆಗೆ ಸುಣ್ಣ ಕಟ್ಟಿಸುತ್ತದೆ, ಫಿಲ್ಟರ್ ಬದಲಿಸುವವರಿಲ್ಲ, ಕೊನೆಗೆ ಉದ್ಘಾಟನೆಯ ಕಲ್ಲೊಂದೇ ಶುದ್ಧವಾಗಿ ಉಳಿಯುತ್ತದೆ. ಘಟಕ ಕೆಟ್ಟ ದಿನ ಜನ ಮತ್ತೆ ಬೋರಿಗೆ ಹೋಗುತ್ತಾರೆ. ಬೋರು ಸುಧಾರಿತ ಮೂಲ. ಟಿಕ್.

ಸಾಲ ಯಾವ ಕಾಲಮ್ಮಿನಲ್ಲೂ ಇಲ್ಲ. ಕೂಲಿ ಎಷ್ಟು ದಿನ ಸಿಕ್ಕಿತು, ಶೇಂಗಾ ಒಣಗಿತೇ, ಗುಳೆ ಹೋದವರು ಯಾರು, ಅದೂ ಇಲ್ಲ. ಸಂಘದ ಸಾಲದಲ್ಲಿ ಟಿವಿ ತಂದಿರೋ, ಮೊಬೈಲಿನ ಜೊತೆ ಸೇರಿ ಸಾಮಾನು ಎರಡಾಯಿತು, 4.76 ಅಂಕದಷ್ಟು ಬಡತನ ಇಳಿಯಿತು. ವಾರದ ಕಂತು ಕಟ್ಟಲಾಗದೆ ಮುಂಬಾಗಿಲು ಹಾಕಿಕೊಂಡು ಒಳಗೆ ಕೂತರೂ ಏರದು. ದಾವಣಗೆರೆಯ ಮಂಡಕ್ಕಿ ಭಟ್ಟಿಯವರಿಗೆ ಈ ವಿದ್ಯೆ ಮೊದಲೇ ಗೊತ್ತು: ಕಾದ ಮರಳಿಗೆ ಬಿದ್ದ ಅಕ್ಕಿ ಅರಳಿ ಚೀಲ ತುಂಬುತ್ತದೆ, ತಕ್ಕಡಿಯ ಮುಳ್ಳು ಮಾತ್ರ ಮೇಲೇಳುವುದಿಲ್ಲ.

ಇನ್ನು ದಿಲ್ಲಿಯಲ್ಲಿ ಫೇಲಾದವರು ತಾಲ್ಲೂಕು ಕಚೇರಿಯಲ್ಲಿ ಬಡವರಾಗಲು ಪ್ರಯತ್ನಿಸಬಹುದು. ಅಲ್ಲಿ ಸಿಲಬಸ್ಸೇ ಬೇರೆ. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.20 ಲಕ್ಷ ದಾಟಬಾರದು, ವೈಟ್ ಬೋರ್ಡ್ ಕಾರಿರಬಾರದು, ಖುಷ್ಕಿ ಜಮೀನು 3 ಹೆಕ್ಟೇರ್, ಅಂದರೆ ಸುಮಾರು ಏಳೂವರೆ ಎಕರೆ ಮೀರಬಾರದು. ಚಳ್ಳಕೆರೆಯಲ್ಲಿ ಮಳೆ ಕೈಕೊಟ್ಟ ವರ್ಷ ಎಂಟೆಕರೆ ಖುಷ್ಕಿಯವನಿಗೆ ಸಿಗುವುದು ಬಿತ್ತನೆ ಬೀಜದ ಸಾಲ ಮತ್ತು ಶ್ರೀಮಂತನೆಂಬ ಬಿರುದು. ಅಣ್ಣತಮ್ಮಂದಿರು ನಾಲ್ವರ ಜಂಟಿ ಪಹಣಿ ಭಾಗವಾಗದೇ ಉಳಿದಿದ್ದರಂತೂ, ನಾನು ಜಮೀನ್ದಾರನಲ್ಲ ಎಂದು ರುಜುವಾತು ಮಾಡಲು ಕೂಲಿ ಬಿಟ್ಟು ನಾಲ್ಕು ದಿನ ಅಲೆಯಬೇಕು. ದಿಲ್ಲಿ ಜಮೀನನ್ನೇ ಕೇಳುವುದಿಲ್ಲ, ತಾಲ್ಲೂಕು ಕಚೇರಿ ಪಾಯಖಾನೆಯನ್ನು ಕೇಳುವುದಿಲ್ಲ. ಒಂದೇ ಮನೆ ಒಂದು ಕಡೆ ಉದ್ಧಾರವಾಗಿರುತ್ತದೆ, ಇನ್ನೊಂದು ಕಡೆ ಸರದಿಯಲ್ಲಿ ನಿಂತಿರುತ್ತದೆ.

ಇಂಥ ಒಂದು ಮನೆಗೆ ಸಮೀಕ್ಷೆಯ ಹುಡುಗಿ ಬಂದಳೆನ್ನಿ.

"ಅಜ್ಜಿ, ಅಡಿಗೆ ಯಾತರಾಗೆ ಮಾಡ್ತೀರಿ?"

"ಗ್ಯಾಸ್ ಐತವ್ವ."

ಇರುವುದು ನಿಜ. ಸಿಲಿಂಡರಿಗೆ ಹಳೇ ಸೀರೆಯ ಮುಸುಕು ಹಾಕಿದೆ. ನೆಂಟರು ಬಂದಾಗ ಟೀ ಕಾಯಿಸಲು. ಮುದ್ದೆ ಬೇಯುವುದು ಸೌದೆಯಲ್ಲೇ. ಕಾಲಂ: ಗ್ಯಾಸ್. ಮೊಮ್ಮಗುವಿನ ತೂಕ ಕಡಿಮೆ, ಆರೋಗ್ಯದ ಪಾಲಿನಲ್ಲಿ ಪೌಷ್ಟಿಕತೆಯ 'ಇಲ್ಲ'ಕ್ಕೆ 16.67. ಪಾಯಖಾನೆ ಇಲ್ಲ, ನೆಲ ಮಣ್ಣಿನದು, ಒಟ್ಟು 26.19. ಸಾಮಾನಿನಲ್ಲಿ ಮೊಬೈಲ್ ಒಂದು. ಎರಡನೆಯದು ಬೇಕಲ್ಲ? ಹುಣಸೆಮರದ ಕೆಳಗೆ ಎತ್ತಿನಗಾಡಿ ನಿಂತಿದೆ. ಪಟ್ಟಿಯಲ್ಲಿ ಗಾಡಿಗೂ ಜಾಗವುಂಟು. ಎತ್ತುಗಳನ್ನು ಮೇವಿಲ್ಲದ ಬೇಸಿಗೆಯಲ್ಲಿ ಮಾರಿಯಾಗಿದೆ, ನೊಗ ಮೂಲೆ ಸೇರಿದೆ, ಗಾಡಿಯ ಕೆಳಗೆ ಕೋಳಿ ಕಾವಿಗೆ ಕೂತಿದೆ. ಟಿಕ್.

ಅಜ್ಜಿಗೆ ಪಾಸಾಗುವ ದಾರಿ ಒಂದಿದೆ. ಆ ಗಾಡಿ ಒಡೆದು ಒಲೆಗೆ ಹಾಕಬೇಕು. ಸಾಮಾನು ಒಂದಕ್ಕಿಳಿಯುತ್ತದೆ, 4.76. ಸೌದೆ ಒಲೆ ಅಂತ ನಿಜ ಹೇಳಿದರೆ ಇನ್ನೊಂದು 4.76. ಒಟ್ಟು 35.71.